ದೊಣೆಬೆಟ್ಟದ ಮಂಟಪದಲ್ಲಿ ತಿರುಗಿದ ಮುಳ್ಳು

ಐದೂವರೆಗೆ ಎದ್ದು ಹಾಲು ಕಾಯಿಸಿದ್ದು. ನೆನೆದಿದ್ದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟದ್ದು. ನಮ್ಮನೆಯವರ ಬಿ.ಪಿ. ಮಾತ್ರೆ ಎರಡೇ ಉಳಿದಿವೆ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದು. ಬೂಟಿನ ಹರಿದ ಲೇಸು ಬದಲಿಸಿದ್ದು. ಆಫೀಸಿಗೆ ಹೋಗಿ ಎರಡು ಪತ್ರಕ್ಕೆ ಸಹಿ ಹಾಕಿದ್ದು. ಒಂಬತ್ತಕ್ಕೆ ಜೀಪು. ಪುರವರದಲ್ಲಿ ಟೀ. ಹತ್ತೂಕಾಲಿಗೆ ದೊಣೆಬೆಟ್ಟದ ಬುಡ. ಕೊನೆಯ ಸಾಲು: ‘ಮಂಟಪದ ಹತ್ತಿರ ಮುಳ್ಳು ಸರಿಯಿಲ್ಲ. ನಾಳೆ ಮತ್ತೆ ನೋಡುವುದು.’

ಮಾರ್ಚ್ ತಿಂಗಳ ಆ ಸೋಮವಾರದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ. ಆಗ ನಾನು ಮಧುಗಿರಿಯಲ್ಲಿ ಭೂವಿಜ್ಞಾನಿ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ನಾಲ್ಕೂ ತಾಲ್ಲೂಕು ನನ್ನ ಪಾಲಿಗೆ. ಒಂದು ದಿನ ಶಿರಾ ಕಡೆಯ ಬೋರ್‌ವೆಲ್, ಇನ್ನೊಂದು ದಿನ ತಿರುಮಣಿ ಹತ್ತಿರ ಸೋಲಾರ್ ಪಾರ್ಕಿನ ಪಕ್ಕದ ಹೊಲ. ಪಾವಗಡ ದಾಟಿದರೆ ನನ್ನ ಕನ್ನಡಕ್ಕೆ ತೆಲುಗಿನಲ್ಲಿ ಉತ್ತರ ಬರುತ್ತಿತ್ತು. ನಮ್ಮ ಡ್ರೈವರ್ ನಯಾಜ್ ಶಿರಾದವರು, ನನಗಿಂತ ಎರಡು ವರ್ಷ ದೊಡ್ಡವರು. ಮೂರು ಭಾಷೆಯಲ್ಲೂ ಜಗಳವಾಡಬಲ್ಲವರು. ಈಗ ಅವರು ನಿವೃತ್ತರು, ನಾನು ಬೇರೆ ಊರಿಗೆ ಬಂದು ಫೈಲುಗಳ ನಡುವೆ ಇದ್ದೇನೆ. ಮಾರ್ಚಿನ ಬಿಸಿಲಿಗೆ ಕಾದ ಬಂಡೆಯ ವಾಸನೆ ನೆನಪಾದಾಗಲೆಲ್ಲ ಆ ಜೀಪು, ಆ ಪುರವರದ ಟೀ, ದೊಣೆಬೆಟ್ಟ, ಎಲ್ಲವೂ ಒಟ್ಟಿಗೇ ಬರುತ್ತವೆ. ಬೆಟ್ಟದ ಹೆಸರನ್ನೂ ಅಲ್ಲಿನವರ ಹೆಸರನ್ನೂ ಬದಲಿಸಿದ್ದೇನೆ. ಅದು ಮಧುಗಿರಿಗೂ ಕೊರಟಗೆರೆಗೂ ನಡುವೆ ಎಲ್ಲೋ ಇದೆ ಎಂದುಕೊಂಡರೆ ಸಾಕು.

ನನ್ನ ಕೆಲಸ ಸರಳ. ಬೆಟ್ಟದ ಬಂಡೆಯಲ್ಲಿರುವ ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ಅಳೆಯುವುದು. ಮಳೆನೀರು ಆ ಬಿರುಕುಗಳಲ್ಲೇ ಇಳಿದು ಕೆಳಗಿನ ಬಾವಿಗಳಿಗೆ ಸೇರುತ್ತದೆ. ದಿಕ್ಕು ತಿಳಿದರೆ ಇಂಗುಗುಂಡಿ ಎಲ್ಲಿ ತೋಡಬೇಕೆಂದು ಹೇಳಬಹುದು. ಇದಕ್ಕೆ ಬೇಕಾದದ್ದು ಒಂದು ಕಂಪಾಸು, ಒಂದು ಟೇಪು, ಮತ್ತು ದಾರಿ ಬಲ್ಲ ಒಬ್ಬ ಮನುಷ್ಯ. ದಾರಿ ಬಲ್ಲವರು ಆ ಊರಿನ ಕೆಂಚಪ್ಪ. ಅರವತ್ತು ದಾಟಿದ್ದರೂ ಬಂಡೆ ಹತ್ತುವಾಗ ನಮ್ಮಿಬ್ಬರನ್ನೂ ಹಿಂದೆ ಹಾಕುತ್ತಿದ್ದರು. ಊರ ಶಾಲೆಯ ಸಮಿತಿಯಲ್ಲಿ ಮೆಂಬರು ಕೂಡ. ಆ ವಿಷಯವನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು.

ಬೆಟ್ಟದ ನೆತ್ತಿಗೆ ಸ್ವಲ್ಪ ಕೆಳಗೆ ಒಂದು ದೊಣೆ, ಅಂದರೆ ಬಂಡೆಯಲ್ಲೇ ನೀರು ನಿಲ್ಲುವ ಹೊಂಡ. ಅದರ ಪಕ್ಕದಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪ. ಮಂಟಪದ ಮುಂದಿನ ಬಿರುಕನ್ನು ಅಳೆದೆ. ಐದು ಹೆಜ್ಜೆ ಮುಂದೆ ಹೋಗಿ ಅದೇ ಬಿರುಕನ್ನು ಮತ್ತೆ ಅಳೆದೆ. ಬಿರುಕು ದಾರ ಹಿಡಿದಷ್ಟು ನೇರವಾಗಿತ್ತು. ಆದರೆ ಎರಡು ಲೆಕ್ಕದ ನಡುವೆ ಇಪ್ಪತ್ತೇಳು ಡಿಗ್ರಿ ವ್ಯತ್ಯಾಸ.

‘ನಯಾಜ್, ಜೀಪಿನ ಕೀ ಗೊಂಚಲು ಹಿಡ್ಕೊಂಡು ನನ್ನ ಪಕ್ಕ ನಿಲ್ಲಬೇಡಿ ಅಂತ ಎಷ್ಟು ಸಲ ಹೇಳಿದೀನಿ?’

‘ಕಸಂ ಮೇಡಂ, ಜೇಬಲ್ಲಿ ಒಂದು ಗುಂಡುಪಿನ್ನೂ ಇಲ್ಲ. ಕೀ ಜೀಪಲ್ಲೇ ಬಿಟ್ಟು ಬಂದಿದೀನಿ. ಬೇಕಾದ್ರೆ ತಲಾಶ್ ಮಾಡ್ಕೊಳಿ.’

‘ಜೀಪಲ್ಲೇ ಬಿಟ್ರಾ? ಯಾರಾದ್ರೂ ಓಡಿಸ್ಕೊಂಡು ಹೋದ್ರೆ?’

‘ಆ ಗಾಡೀನಾ? ತಳ್ಕೊಂಡು ಹೋಗ್ಬೇಕು ಮೇಡಂ.’

ಕೆಂಚಪ್ಪ ನಗಲಿಲ್ಲ. ಅವರು ಮಂಟಪದಿಂದ ದೂರ, ಬಿಸಿಲಲ್ಲೇ ಕೂತಿದ್ದರು. ನೆರಳಿಗೆ ಬನ್ನಿ ಎಂದರೆ, ‘ಅಲ್ಲಿ ಯಾವ್ದೂ ನೆಟ್ಟಗಿರಾಕಿಲ್ಲ ಕಣಮ್ಮ. ನಿಮ್ ಕೆಲ್ಸ ಮುಗಿಸ್ಕಂಡು ಬನ್ನಿ’ ಎಂದರು.

ಇಳಿದಾಗ ಎರಡು ಗಂಟೆ. ಬೆಟ್ಟದ ಬುಡದ ಮೊದಲ ಮನೆಯಿಂದ ಒಬ್ಬ ಮುದುಕಿ ಹೊರಬಂದು, ‘ಬಿಸ್ಲಲ್ಲಿ ಬಂದ್ರಿ, ನೀರು ಕೊಡ್ಲಾ?’ ಎಂದಳು. ಕೆಂಚಪ್ಪ ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ, ಆದರೆ ಆಕೆಗೂ ಕೇಳುವಷ್ಟು ಜೋರಾಗಿ, ‘ಆ ಮನೇಲಿ ಬ್ಯಾಡ ಮೇಡಮ್ಮ’ ಎಂದರು. ನಾನು ಗೊಂದಲದಲ್ಲಿ ನಿಂತೆ. ನಯಾಜ್ ಮಾತ್ರ ಚೊಂಬು ತೆಗೆದುಕೊಂಡು ಗಟಗಟ ಕುಡಿದರು. ಆ ಮುದುಕಿ, ಹೆಸರು ಈರಮ್ಮ, ನಯಾಜರ ಮುಖವನ್ನೇ ನೋಡುತ್ತಾ ನಿಂತಳು. ಜೀಪು ಹೊರಟರೂ ಒಳಗೆ ಹೋಗಲಿಲ್ಲ.

ಕಥೆಯನ್ನು ಕೆಂಚಪ್ಪ ಜೀಪಿನಲ್ಲಿ ಹೇಳಿದರು. ಮೂವತ್ತೊಂದು ವರ್ಷದ ಹಿಂದಿನದು. ಆ ಊರಲ್ಲಿ ಮುಂಗಾರು ತಡವಾದರೆ ದೊಣೆಬೆಟ್ಟದ ಮೇಲೆ ‘ಬಂಡೆಯೂಟ’ ಮಾಡುತ್ತಿದ್ದರು. ಊರೆಲ್ಲ ಅಕ್ಕಿ, ಬೇಳೆ ಕೂಡಿಸಿ ಮೇಲೆ ಹೊತ್ತೊಯ್ದು ಬೇಯಿಸುವುದು, ಬಂಡೆಯನ್ನು ತೊಳೆದು ಎಲೆಯಿಲ್ಲದೆ ಬರೀ ಬಂಡೆಯ ಮೇಲೆ ಬಡಿಸಿಕೊಂಡು ಉಣ್ಣುವುದು, ಮಳೆ ಕೇಳುವುದು. ಅಡುಗೆ ಯಾವಾಗಲೂ ಈರಮ್ಮನದು. ಮದುವೆಗೂ ತಿಥಿಗೂ ಸುತ್ತ ನಾಲ್ಕು ಊರಿಗೆ ಅವಳೇ ಬೇಕಿತ್ತಂತೆ. ಆ ವರ್ಷ ಊಟ ಮುಗಿಯುತ್ತಿದ್ದಂತೆ ಮೋಡ ಕಟ್ಟಿತು. ಜನ ಕೂಗಾಡುತ್ತಾ ಕುಣಿಯುತ್ತಾ ಕೆಳಗಿಳಿದರು. ಎಮ್ಮೆ ಕರೆಯುವ ಹೊತ್ತಾಯಿತೆಂದು ಈರಮ್ಮನೂ ಇಳಿದಳು. ಬಡಿಸುತ್ತಾ ಕೊನೆಗೆ ಉಂಡ ಮೂವರು ಪಾತ್ರೆ ಬೆಳಗಲು ಉಳಿದರು: ಒಬ್ಬ ಅಜ್ಜ, ಅವನ ಹೆಂಡತಿ, ಮತ್ತು ಕೆಂಚಪ್ಪನ ಹೆಂಡತಿ ಪುಟ್ಟಮ್ಮ. ಮಳೆ ನಿಂತು ಹತ್ತಿ ನೋಡಿದರೆ ಮೂವರೂ ಮಂಟಪದೊಳಗೆ ಕೂತಲ್ಲೇ ಸತ್ತಿದ್ದರು. ಜೊತೆಗಿದ್ದ ನಾಯಿಯೂ ಸತ್ತಿತ್ತು.

‘ಒಂದು ಗಾಯ ಇಲ್ಲ, ಸುಟ್ಟಿದ್ದಿಲ್ಲ. ತಳದನ್ನ ಉಂಡೋರು ಅವ್ರೇ ಮೂವರು. ನಾಯೀನೂ ಹೋಯ್ತು. ಆ ವಾರದಾಗೆ ಈರಮ್ಮಂಗೂ ನಮ್ಮವ್ಳಿಗೂ ಹುಣಸೆಮರಕ್ಕೆ ಜಗಳ ಆಗಿತ್ತು. ಇನ್ನೇನ್ ಬೇಕು ನಿಮ್ಗೆ?’

ಅನ್ನದಲ್ಲಿ ಏನೂ ಸಿಕ್ಕಲಿಲ್ಲ ಎಂದು ವರದಿ ಬಂತಂತೆ, ಕೇಸು ನಿಲ್ಲಲಿಲ್ಲ. ಆದರೆ ಊರಿನ ಮಟ್ಟಿಗೆ ಸಿಕ್ಕದ ವಿಷ ಅಂದರೆ ಪತ್ತೆಗೆ ಬಾರದ ವಿಷ ಎಂದೇ ಅರ್ಥ. ಬಂಡೆಯೂಟ ನಿಂತಿತು. ಈರಮ್ಮನ ಕೈಯಡುಗೆಯನ್ನು ಯಾರೂ ಕೇಳದಾದರು.

‘ಈಗ ಅವಳ ಸೊಸೆ ಭಾಗ್ಯ ಬಿಸಿಯೂಟಕ್ಕೆ ಅಡುಗೆಯವ್ಳಾಗಿ ಸೇರ್ತೀನಿ ಅಂತ ಅರ್ಜಿ ಹಾಕವ್ಳೆ,’ ಎಂದರು ಕೆಂಚಪ್ಪ. ‘ಮುಂದ್ಲ ಸೋಮ್ವಾರ ಮೀಟಿಂಗು. ನನ್ ಮೊಮ್ಮಗಳು ಅದೇ ಸ್ಕೂಲಲ್ಲಿ ಉಣ್ತಾಳೆ. ನಾನು ಒಪ್ಪಾಕಿಲ್ಲ.’

ಅವರು ಒಪ್ಪದಿದ್ದರೆ ಸಮಿತಿಯಲ್ಲಿ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ಭಾಗ್ಯಳ ಕೆಲಸದ ಹಣೆಬರಹ ಅಲ್ಲಿಗೆ ಮುಗಿದಂತೆ. ಈರಮ್ಮನ ಕೆಟ್ಟ ಹೆಸರು ಇನ್ನೊಂದು ತಲೆಮಾರಿಗೂ ಅಂಟಿಕೊಳ್ಳುತ್ತದೆ.

ಸಂಜೆ ಚಪಾತಿ ಲಟ್ಟಿಸುತ್ತಾ ಇದ್ದಾಗ ನನಗೆ ಕಾಲೇಜಿನ ಮೇಷ್ಟ್ರು ನೆನಪಾದರು. ಮೊದಲ ಫೀಲ್ಡ್ ಟ್ರಿಪ್ಪಿನಲ್ಲೇ ಹೇಳಿದ್ದರು: ಬೋಳುಗುಡ್ಡದ ನೆತ್ತಿಯಲ್ಲಿ ಕಂಪಾಸನ್ನು ಪೂರ್ತಿ ನಂಬಬೇಡಿ, ಅಲ್ಲಿನ ಬಂಡೆಗೆ ಸಿಡಿಲು ಬಡಿದಿರಬಹುದು. ಪರೀಕ್ಷೆಯಲ್ಲಿ ಬರದ ಮಾತಾದ್ದರಿಂದ ಮರೆತೇಬಿಟ್ಟಿದ್ದೆ. ನಮ್ಮ ಕಡೆಯ ಗ್ರಾನೈಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಸಣ್ಣ ಕಾಳುಗಳಿರುತ್ತವೆ. ಸಿಡಿಲಿನ ವಿದ್ಯುತ್ತು ಬಂಡೆಯಲ್ಲಿ ಹರಿದು ಹೋದರೆ ಆ ದಾರಿಯುದ್ದಕ್ಕೂ ಈ ಕಾಳುಗಳು ಅಯಸ್ಕಾಂತವಾಗಿ ಉಳಿಯುತ್ತವೆ. ಬಂಡೆಯ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಎಷ್ಟೋ ವರ್ಷದ ಮೇಲೂ ಕಂಪಾಸಿನ ಮುಳ್ಳು ಅಲ್ಲಿ ದಾರಿ ತಪ್ಪುತ್ತದೆ.

ಒಂದು ಚಪಾತಿ ಸೀದುಹೋಯಿತು. ಅದನ್ನು ನಾನೇ ತಿಂದೆ.

ಮಂಗಳವಾರ, ಬುಧವಾರ ಎರಡು ದಿನವೂ ಅದೇ ಕೆಲಸ. ಮಂಟಪದ ಸುತ್ತ ಸೀಮೆಸುಣ್ಣದಲ್ಲಿ ಚೌಕ ಎಳೆದು, ಒಂದೊಂದು ಮೂಲೆಯಲ್ಲೂ ಕಂಪಾಸು ಇಟ್ಟು ನೋಡುವುದು. ನಾನು ಹೇಳುವುದು, ನಯಾಜ್ ಬರೆಯುವುದು. ಚೌಕಗಳನ್ನು ನೋಡಿ ಅವರು, ‘ಮೇಡಂ, ಕುಂಟೆಬಿಲ್ಲೆ ಆಡೋಣ್ವಾ?’ ಎಂದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಉಳಿದೆಡೆ ಎಲ್ಲ ಮುಳ್ಳು ಸರಿಯಾಗಿ ನಿಲ್ಲುತ್ತಿತ್ತು. ನೆತ್ತಿಯ ಗುಂಡುಬಂಡೆಯಿಂದ ಹಿಡಿದು, ಆ ಬಿರುಕಿನ ಗುಂಟ ಒಂದು ಮಾರು ಅಗಲದ ಪಟ್ಟಿಯಲ್ಲಿ ಮಾತ್ರ ತಿರುಗುತ್ತಿತ್ತು. ಆ ಪಟ್ಟಿ ಬಂದು ಮಂಟಪದ ನೆಲದಡಿ ಸೇರಿತ್ತು. ಪಟ್ಟಿಯ ಒಳಗಿನಿಂದ ಒಂದು ಚೂರು, ಹೊರಗಿನಿಂದ ಒಂದು ಚೂರು ಕಲ್ಲು ತೆಗೆದು, ಬಂಡೆಗಳ ಕಾಂತಗುಣ ಅಳೆಯುವ ಲ್ಯಾಬಿನಲ್ಲಿರುವ ನನ್ನ ಗೆಳತಿಗೆ ನಯಾಜ್ ಕೈಯಲ್ಲೇ ಕಳಿಸಿದೆ. ಶುಕ್ರವಾರ ಅವಳ ಫೋನು ಬಂತು.

‘ಎರಡೂ ಒಂದೇ ಕಲ್ಲು ಕಣೇ. ಆದ್ರೆ ಒಳಗಿಂದು ಅಯಸ್ಕಾಂತದ ಹಾಗೆ ಆಗಿಹೋಗಿದೆ. ಇಷ್ಟು ಬಲವಾಗಿ, ಇಷ್ಟು ಸಣ್ಣ ಜಾಗದಲ್ಲಿ ಅಂದ್ರೆ ಸಿಡಿಲೇ.’

‘ಯಾವಾಗ ಬಿದ್ದದ್ದು ಅಂತ?’

‘ಅದು ಮಾತ್ರ ಕೇಳಬೇಡ. ಕಲ್ಲು ತಾರೀಕು ಹೇಳಲ್ಲ.’

ಅಲ್ಲಿಗೆ ನನ್ನ ಖುಷಿ ಅರ್ಧಕ್ಕೆ ನಿಂತಿತು. ಆ ಮಂಟಪದ ಅಡಿಯಲ್ಲಿ ಸಿಡಿಲು ಹರಿದದ್ದು ನಿಜ. ಅದು ಆವತ್ತೇ ಹರಿಯಿತೋ, ಇನ್ನೂರು ವರ್ಷದ ಹಿಂದೆಯೋ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಅದೇ ಸಂಜೆ ಈರಮ್ಮನ ಮನೆಗೆ ಹೋದೆ. ಆಗಿನ ಕಾಗದ ಏನಾದರೂ ಇದೆಯೇ ಎಂದು ಕೇಳಿದೆ. ಭಾಗ್ಯ ಒಳಗಿನಿಂದ ತಗಡಿನ ಟ್ರಂಕು ಎಳೆದು ತಂದಳು. ಮದುವೆ ಸೀರೆಯ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಹಜರಿನ ನಕಲು ಇತ್ತು. ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು ಪೊಲೀಸರು ಪಂಚರ ಮುಂದೆ ಬರೆದಿಡುವ ಕಾಗದ.

‘ನಂಗೆ ಓದಾಕ್ ಬರಾಕಿಲ್ಲ,’ ಎಂದಳು ಈರಮ್ಮ. ‘ನಮ್ಮ ಯಜಮಾನ್ರು ಸಾಯೋ ಮುಂದೆ, ಇದ್ನ ಕಳೀಬ್ಯಾಡ, ಯಾರಾರ ಓದೋರು ಬತ್ತಾರೆ ಅಂದಿದ್ರು. ನೀವು ಬಂದದ್ದು ವಸಿ ತಡ ಆಯ್ತು.’

ಬರೆದ ಪುಣ್ಯಾತ್ಮ ಯಾರೋ, ಅಕ್ಷರ ಮುತ್ತಿನಂತಿತ್ತು, ಕಂಡದ್ದನ್ನೆಲ್ಲ ಬರೆದಿದ್ದ. ಮೂವರೂ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದರು. ಮಂಟಪದ ನೆಲ ಒದ್ದೆಯಾಗಿತ್ತು. ವಾಂತಿಯ ಗುರುತು ಇರಲಿಲ್ಲ. ಉಳಿದ ಅನ್ನದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದ ಹಾಗೇ ಇತ್ತು. ಪುಟ್ಟಮ್ಮನ ಕಾಲುಂಗುರದ ಕೆಳಗೆ ಚರ್ಮ ಒಂದು ಎಳೆಯಷ್ಟು ಕಪ್ಪಾಗಿತ್ತು. ಕೊನೆಗೆ: ‘ಒಂದು ಗಂಡು ನಾಯಿ, ಹಗ್ಗದಲ್ಲಿ ಕಂಬಕ್ಕೆ ಕಟ್ಟಿದ್ದು, ಮೃತ.’

ಸಿಡಿಲು ಮನುಷ್ಯರ ತಲೆಯ ಮೇಲೇ ಬೀಳಬೇಕಿಲ್ಲ. ದೂರದಲ್ಲಿ ಬಿದ್ದದ್ದು ಒದ್ದೆ ಬಂಡೆಯೊಳಗೆ ಹರಿದು ಬಂದು, ಕಂಬಕ್ಕೆ ಒರಗಿ ಕೂತವರ ಬೆನ್ನಿನಿಂದ ಕಾಲಿಗೆ ಹಾಯಬಹುದು. ಆಗ ಎದೆಬಡಿತ ನಿಂತುಹೋಗುತ್ತದೆ, ಮೈಮೇಲೆ ಹೇಳಿಕೊಳ್ಳುವಂಥ ಗಾಯವೇ ಇರುವುದಿಲ್ಲ. ನಾಲ್ಕು ಕಾಲಿನ ಪ್ರಾಣಿಗೆ ಇನ್ನೂ ಅಪಾಯ. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಎದೆಗೂಡು. ಊರವರು ಸಿಡಿಲನ್ನು ಕಂಡಿದ್ದು ತೆಂಗಿನ ಸುಳಿ ಸುಟ್ಟಾಗ, ಹುಣಸೆಮರ ಸೀಳಿದಾಗ. ಇಲ್ಲಿ ಬಂಡೆ ಇದ್ದ ಹಾಗೇ ಇತ್ತು.

ಆದರೂ ಅಂದು ಗುಡುಗಿದ್ದನ್ನು ಊರೆಲ್ಲ ಕೇಳಿರಬೇಕಲ್ಲ, ಒಬ್ಬರಿಗೂ ಅನುಮಾನ ಬರಲಿಲ್ಲವೇ? ಇದನ್ನು ಈರಮ್ಮನಿಗೇ ಕೇಳಿದೆ.

‘ನೀವೊಳ್ಳೆ,’ ಎಂದಳು ಅವಳು. ‘ಕೈ ಮುಗ್ದು ಕೇಳಿದ್ ಮಳೆ ಕೇಳಿದ್ ಗಳಿಗೇಲಿ ಬಂದೈತೆ. ಕೆರೆ ಅರ್ಧ ತುಂಬೈತೆ. ಆ ಮಳೇನೇ ಕೊಂದ್ಬುಡ್ತು ಅಂತ ಯಾವ್ ಬಾಯಲ್ಲಿ ಅಂತಾರೆ? ನಾನೂ ಅನ್ಲಿಲ್ಲ ಕಣಮ್ಮ. ನಂಗೂ ಬಾಯ್ ಬರ್ಲಿಲ್ಲ.’

ನನಗೆ ಉಳಿದದ್ದು ಒಂದೇ ಪ್ರಶ್ನೆ. ಆ ನಾಯಿ ಏನು ತಿಂದಿತ್ತು?

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಕೆಂಚಪ್ಪನನ್ನು ಈರಮ್ಮನ ಮನೆಯ ಮುಂದಕ್ಕೇ ಕರೆಸಿದೆ. ಇಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಉತ್ತರ ಗೊತ್ತಾದರೆ ಸಾಕು, ಸತ್ಯ ತಾನೇ ತನ್ನ ದಾರಿ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದೆ. ಅವರನ್ನು ಒಬ್ಬರೇ ಇರುವಾಗ ಕಾಣಬೇಕಿತ್ತು. ಬೀದಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಕೆಂಚಪ್ಪ ಜಗುಲಿ ಹತ್ತದೆ ಬೀದಿಯಲ್ಲೇ ನಿಂತರು.

‘ಕೆಂಚಪ್ಪನವರೇ, ಮಂಟಪದಲ್ಲಿ ಕಟ್ಟಿದ್ದ ನಾಯಿ ಯಾರದು?’

‘ನಮ್ದೇ.’

‘ಅದಕ್ಕೂ ಅದೇ ಅನ್ನ ಹಾಕಿದ್ದರಾ?’

ಅವರಿಗೆ ಸಿಟ್ಟು ಬಂತು. ‘ಏನ್ ಮೇಡಮ್ಮ ಇಂಗ್ ಕೇಳ್ತೀರಿ? ಬಂಡೆಯೂಟದ ಅನ್ನ ನಾಯಿಗ್ ಹಾಕ್ತಾರಾ? ಬೆಟ್ಟ ಇಳ್ದು ಊರಿಗ್ ಬಂದು ದನಗೋಳಿಗೆ ಮೊದ್ಲು ಇಕ್ಕೋಗಂಟ ಒಂದು ಹಕ್ಕಿಗೂ ಅಗುಳು ಬೀಳಂಗಿಲ್ಲ. ಬಾಯ್ ಹಾಕೀತು ಅಂತ್ಲೇ ಕಟ್ಟಾಕಿದ್ದು. ಬೆಳಿಗ್ಗಿಂದ ಉಪಾಸ ಇತ್ತು. ನಾನೇ, ಈ ಕೈಯಾರೆ...’

ಅಷ್ಟಕ್ಕೇ ನಿಂತರು. ಮೂವತ್ತೊಂದು ವರ್ಷ ‘ನಾಯೀನೂ ಹೋಯ್ತು’ ಎಂದು ಹೇಳುತ್ತಾ ಬಂದವರು ಅವರೇ. ಆ ನಾಯಿ ಉಪವಾಸವಿತ್ತು ಎಂದು ಬಲ್ಲವರೂ ಅವರೇ. ಎರಡೂ ಒಂದೇ ತಲೆಯಲ್ಲಿದ್ದವು, ಒಂದನ್ನೊಂದು ಮುಟ್ಟಿರಲಿಲ್ಲ.

ನಾನು ಸೀಮೆಸುಣ್ಣದ ಚೌಕಗಳ ನಕ್ಷೆ ಬಿಡಿಸಿ ತೋರಿಸಿದೆ. ಪಟ್ಟಿ ತೋರಿಸಿದೆ. ಕಾಲುಂಗುರದ ಸಾಲು ಓದಿದೆ. ಸಿಡಿಲು ಎಂದೆ. ನಕ್ಷೆಯನ್ನು ಅವರು ನೋಡಲೇ ಇಲ್ಲ. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು.

‘ಅಂಗಾರೆ ಅವ್ಳನ್ನ ಅಲ್ಲಿ ಕೂರ್ಸಿದ್ದು ನಾನಲ್ವಾ? ಕೊಪ್ಪರಿಗೆ ಹೊತ್ಕಂಡು ಇಳೀತಿದ್ದೆ. ನಾನೂ ಬತ್ತೀನಿ ಅಂದ್ಳು. ಬಂಡೆ ಜಾರ್ತದೆ, ಮಳೆ ನಿಲ್ಲೋಗಂಟ ಮಂಟಪ್ದಾಗೇ ಇರು ಅಂತ ಗದರ್ಬುಟ್ಟೆ. ಇದ್ನ ಯಾರಿಗೂ ಹೇಳಿಲ್ಲ ಮೇಡಮ್ಮ.’ ಮಣ್ಣನ್ನೇ ನೋಡುತ್ತಾ ಕೇಳಿದರು: ‘ನನ್ ಜೊತೆ ಬಂದಿದ್ರೆ ಬದುಕ್ತಿದ್ಳಾ?’

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಇಲ್ಲ, ಬದುಕುತ್ತಿರಲಿಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಲು ನನ್ನ ಹತ್ತಿರ ಯಾವ ಅಳತೆಯೂ ಇರಲಿಲ್ಲ. ‘ಗೊತ್ತಿಲ್ಲ ಕೆಂಚಪ್ಪನವರೇ. ಗುಡುಗುವಾಗ ಬೋಳು ಬಂಡೆ ಇಳಿಯುವುದೂ ಅಷ್ಟೇ ಅಪಾಯ. ನೀವು ಇಳಿದು ಬದುಕಿದ್ದೇ ಹೆಚ್ಚು. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ’ ಎಂದೆ.

ಬೀದಿಯಲ್ಲಿದ್ದವರು ಒಬ್ಬೊಬ್ಬರಾಗಿ ಸರಿದರು. ಮಾತಾಡಿದ್ದು ಈರಮ್ಮ. ಜಗುಲಿಯಿಂದ ಇಳಿಯಲಿಲ್ಲ, ದನಿಯನ್ನೂ ಮೆತ್ತಗೆ ಮಾಡಲಿಲ್ಲ.

‘ಲೇ ಕೆಂಚ, ಮಳೇಲಿ ಬಂಡೆ ಇಳೀಬ್ಯಾಡ ಅಂತ ಯಾರಾದ್ರೂ ಹೇಳ್ತಿದ್ರು ಕಣ್ಲಾ. ನಾನಿದ್ರೂ ಅಂಗೇ ಅಂತಿದ್ದೆ. ಹೆಂಡ್ತಿ ಕಾಲ್ ಮುರ್ಕಂಡಾಳು ಅಂತ ಹೇಳ್ದೆ ನೀನು, ಸಾಯ್ಲಿ ಅಂತ ಹೇಳ್ಲಿಲ್ಲ. ಅವಳ್ನ ಕೊಂದೋನು ನೀನಲ್ಲ.’ ಆಮೇಲೆ ಉಸಿರು ತೆಗೆದುಕೊಂಡು, ‘ನಾನೂ ಅಲ್ಲ’ ಎಂದಳು.

ಒಳಗೆ ಭಾಗ್ಯ ಕಾಳು ಬಸಿದ ವಾಸನೆ ಬರುತ್ತಿತ್ತು.

‘ಎದ್ದೇಳು, ಕೈಕಾಲ್ ತೊಳ್ಕ. ಮೂವತ್ತೊರ್ಸದಿಂದ ಕಾದೈತೆ ಸಾರು, ಆರೋಯ್ತದೆ.’

ನಯಾಜ್ ಮೊದಲು ನಕ್ಕರು. ಅದಾದ ಮೇಲೆ ನನಗೆ ತಡೆಯಲಾಗದೆ ಅಳು ಬಂತು. ಕೆಂಚಪ್ಪ ಎದ್ದು ಚೊಂಬಿನ ನೀರಿನಲ್ಲಿ ಕಾಲು ತೊಳೆದು ಜಗುಲಿ ಹತ್ತಿದರು.

ಸೋಮವಾರದ ಮೀಟಿಂಗಿಗೆ ನಾನು ಹೋಗಲಿಲ್ಲ. ನನಗೆ ಅಲ್ಲಿ ಕೆಲಸವಿರಲಿಲ್ಲ. ನಯಾಜ್ ವಿಚಾರಿಸಿಕೊಂಡು ಬಂದು ಹೇಳಿದ್ದು: ಕೆಂಚಪ್ಪ ಹೆಚ್ಚೇನೂ ಮಾತಾಡಲಿಲ್ಲ, ‘ನಾನು ಆ ಮನೇಲಿ ಉಂಡಿವ್ನಿ’ ಎಂದು ಹೇಳಿ ಭಾಗ್ಯಳ ಅರ್ಜಿಗೆ ಮೊದಲು ಸಹಿ ಹಾಕಿದರು. ಇಬ್ಬರು ಪೋಷಕರು ಒಂದು ತಿಂಗಳು ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸಿದರಂತೆ. ಒಬ್ಬರು ಈಗಲೂ ಕಳಿಸುತ್ತಾರೇನೋ. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ, ಗುಡುಗುವಾಗ ಮಂಟಪದಲ್ಲಿ ನಿಲ್ಲಬೇಡಿ, ಮೋಡ ಕಟ್ಟಿದೊಡನೆ ಬೆಟ್ಟ ಇಳಿಯಿರಿ ಎಂದು ಬುಡದಲ್ಲಿ ಒಂದು ಫಲಕ ಹಾಕಿಸಿದೆ. ನನ್ನ ವರದಿಯಲ್ಲಿ ಈ ಪ್ರಕರಣಕ್ಕೆ ಸಿಕ್ಕ ಜಾಗ ಒಂದೂವರೆ ಸಾಲು: ಮಂಟಪದ ಬಳಿಯ ದಿಕ್ಕಿನ ಅಳತೆಗಳನ್ನು ಕಾಂತೀಯ ದೋಷದಿಂದಾಗಿ ಕೈಬಿಡಲಾಗಿದೆ.

ಕೆಲಸ ನನಗೆ ಕಲಿಸಿದ್ದು ಇದು. ಮುಳ್ಳು ಒಬ್ಬರ ಮೇಲಿನಿಂದ ಸರಿದರೆ ಅದು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಯಾರ ಮೇಲೆ ನಿಂತೀತು ಎಂದು ಮೊದಲೇ ನೋಡಿಕೊಂಡು ಬಾಯಿ ತೆರೆಯಬೇಕು. ಸತ್ಯವನ್ನು ಬಚ್ಚಿಡಬೇಕು ಅಂತಲ್ಲ. ಹೇಳುವಾಗ ಪಕ್ಕದಲ್ಲಿ ಕೂತಿರಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು.

ಆ ಶನಿವಾರ ಉಂಡದ್ದು ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನದೇ ಒಗ್ಗರಣೆ ಪಲ್ಯ, ಆಮೇಲೆ ಅನ್ನ ಮಜ್ಜಿಗೆ. ನಾನು ಒಂದು ಮುದ್ದೆ, ನಯಾಜ್ ಎರಡು. ಕೆಂಚಪ್ಪ ಮೊದಲ ತುತ್ತನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು, ಆಮೇಲೆ ಒಂದೂವರೆ ಉಂಡರು, ಉಪ್ಪು ವಸಿ ಕಮ್ಮಿ ಎಂದರು. ಊಟವಾದ ಮೇಲೆ ಬಿಸಿಲು ಇಳಿಯಲೆಂದು ಎಲ್ಲರೂ ಜಗುಲಿಯಲ್ಲೇ ಕೂತೆವು. ಭಾಗ್ಯ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದಳು: ‘ಮನೇಲಿ ಯಾರಾರ ಹೊರಗ್ನೋರು ಉಂಡ್ರೆ, ಅವ್ರು ಎದ್ದು ನಡ್ಕಂಡ್ ಹೋಗೋಗಂಟ ನಮ್ಮತ್ತೆ ಕಣ್ ಮುಚ್ಚಾಕಿಲ್ಲ ಮೇಡಮ್ಮ. ಮಕಾನೇ ನೋಡ್ತಾ ಕೂತಿರ್ತದೆ. ನಾನು ಬಂದಾಗಿಂದ ನೋಡ್ತಿವ್ನಿ.’

ನಾವಿಬ್ಬರೂ ತಿರುಗಿ ನೋಡಿದೆವು. ಕೆಂಚಪ್ಪ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಯಾಜ್ ಇನ್ನೂ ಆಕಳಿಸುತ್ತಿದ್ದರು. ಮೊದಲು ನಿದ್ದೆ ಹೋದವಳು ಈರಮ್ಮ.